ಕೆಂಪು ಗೆರೆ ಇಳಿದ ವರ್ಷ

ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಓದುತ್ತೇನೆ, ಒತ್ತಕ್ಷರ ಬಂದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಸಹಿ ಬರುತ್ತದೆ. ಇಷ್ಟೇ ಬಂಡವಾಳದ ಮೇಲೆ ನನ್ನನ್ನು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಮಾಡಿದರು.

ನಮ್ಮ ಊರು ಯರಗಟ್ಟಿಗೂ ನೇಸರಗಿಗೂ ನಡುವೆ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ ಇದೆ. ಆ ಸಲ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಬಂತು. ನನ್ನ ಮೈದುನ, ಗಂಡನ ತಮ್ಮ, ಆ ಕುರ್ಚಿಯ ಮೇಲೆ ಬಹಳ ವರ್ಷದಿಂದ ಕಣ್ಣಿಟ್ಟವನು. ಹೆಂಗಸರಿಗೆ ಹೋಯಿತು ಎಂದು ತಿಳಿದ ದಿನ ಊಟಕ್ಕೆ ಕುಳಿತು ಮನೆಯ ಹೆಂಗಸರನ್ನೆಲ್ಲ ಒಮ್ಮೆ ನೋಡಿದ. ಅವನ ಹೆಂಡತಿಗೆ ಮೊಣಕಾಲು ಏಳುವುದಿಲ್ಲ. ನನ್ನ ಸೊಸೆ ಒಲೆ ಬಿಟ್ಟು ಬರುವಂತಿಲ್ಲ. ಉಳಿದವಳು ನಾನು.

"ವೈನಿ, ನೀವು ಬರೇ ಕುಂಡ್ರೂದು. ಉಳಿದದ್ದೆಲ್ಲಾ ನಾ ನೋಡ್ಕೋತೇನಿ" ಅಂದ.

ಕುಳಿತೆ. ಅವನು ಪಿಡಿಒ ಸಾಹೇಬನ ಎದುರು ಕುಳಿತು ಮಾತಾಡುತ್ತಿದ್ದ, ಮಾತು ಮುಗಿದ ಮೇಲೆ ಕಾಗದ ನನ್ನ ಮುಂದೆ ಬರುತ್ತಿತ್ತು. ಪಿಡಿಒ ಅಂದರೆ ಪಂಚಾಯಿತಿಗೆ ಸರ್ಕಾರ ಕೊಟ್ಟ ಅಧಿಕಾರಿ. ಬೈಲಹೊಂಗಲದಿಂದ ದಿನಾ ಮೋಟರ್ ಸೈಕಲ್ ಮೇಲೆ ಬರುತ್ತಿದ್ದ. ಕೆಟ್ಟವನಲ್ಲ. ಏನು ಬರೆದಿದೆ ಎಂದು ಕೇಳಿದರೆ ಓದಿ ಹೇಳುತ್ತಿದ್ದ. ಮೈದುನ ಇದ್ದಾಗ ನಾನು ಕೇಳುತ್ತಿರಲಿಲ್ಲ.

ಪಂಚಾಯಿತಿ ಕಟ್ಟಡಕ್ಕೆ ಹತ್ತಿಕೊಂಡು ಒಂದು ಹಳೆಯ ಸಾಲಿ ಕೋಣೆ ಇದೆ. ಅಲ್ಲಿ ಸರ್ಕಾರದ ದುಡ್ಡಿನಲ್ಲಿ ಒಂದು ತರಬೇತಿ ಕೇಂದ್ರ ನಡೆಯುತ್ತಿತ್ತು. ಓದಿ ಕೆಲಸವಿಲ್ಲದೆ ಕುಳಿತ ಹುಡುಗ ಹುಡುಗಿಯರಿಗೆ ಕಂಪ್ಯೂಟರಿನ ಮೇಲೆ ಲೆಕ್ಕಪತ್ರ ಕಲಿಸುವುದು. ಪೂರ್ತಿ ಕಲಿತರೆ ಸರ್ಟಿಫಿಕೇಟು, ಅದಿದ್ದರೆ ಎಲ್ಲಾದರೂ ಸೊಸೈಟಿಯಲ್ಲೋ ದವಾಖಾನೆಯಲ್ಲೋ ಒಂದು ಕುರ್ಚಿ ಸಿಕ್ಕೀತು ಎಂಬ ಆಸೆ. ನನ್ನ ಮೊಮ್ಮಗಳು, ಮಗನ ಮಗಳು, ಅಲ್ಲಿಗೆ ಹೋಗುತ್ತಿದ್ದಳು.

ಅವಳು ಬೈಲಹೊಂಗಲದಲ್ಲಿ ಬಿ.ಕಾಂ. ಮಾಡಿದವಳು. ಕಾಲೇಜಿಗೆ ಹೋಗುವಾಗ ಮೈದುನನ ಮಗನೂ ಅಲ್ಲೇ ಓದುತ್ತಿದ್ದ, ಅವನ ಜೊತೆ ಬಸ್ಸು ಹತ್ತಿ ಅವನ ಜೊತೆ ಇಳಿಯುತ್ತಿದ್ದಳು. ಅವನ ಓದು ಮುಗಿದದ್ದೇ ಇವಳ ಬಸ್ಸೂ ನಿಂತಿತು. ನಮ್ಮಂಥ ಹೊಲಮನೆ ಇರುವವರ ಮನೆಯಲ್ಲಿ ಬೆಳೆದ ಹುಡುಗಿ ಒಬ್ಬಳೇ ಬಸ್ಸಿಗೆ ಹೋಗುವುದಿಲ್ಲ, ಹೋದರೆ ಮನೆಯ ಗಂಡಸರು ಸತ್ತಿದ್ದಾರೆಯೇ ಎಂದು ಜನ ಕೇಳುತ್ತಾರೆ. ಹಳೇ ಸಾಲಿ ಮಾತ್ರ ನಮ್ಮ ಮನೆಯ ಕಟ್ಟೆಗೆ ಕಾಣುತ್ತದೆ. ಹುಡುಗಿ ಬಾಗಿಲು ದಾಟುವುದೂ ಕಾಣುತ್ತದೆ, ಆ ಬಾಗಿಲು ಸೇರುವುದೂ ಕಾಣುತ್ತದೆ. ಅದಕ್ಕೆ ಮೈದುನ ಒಪ್ಪಿದ್ದ. ನನ್ನ ಮಗನನ್ನು ಯಾರೂ ಕೇಳಲಿಲ್ಲ. ಅವನು ಚಿಕ್ಕಪ್ಪ ಹೂಂ ಅಂದದ್ದಕ್ಕೆ ಹೂಂ ಅನ್ನುವವನು.

ಹೀಗಿರುವಾಗ ಅವಳಿಗೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಸೀರೆ ಅಂಗಡಿಯವರು, ಕುಳ ದೊಡ್ಡದು. ಬಂದು ನೋಡಿ, ಶಿರಾ ತಿಂದು, ಹುಡುಗಿಯನ್ನು ಒಪ್ಪಿದರು. ಹೋಗುವಾಗ ಹುಡುಗನ ತಾಯಿ ಒಂದು ಮಾತು ಕೇಳಿದಳು: "ಕಲ್ತ ಹುಡುಗ್ಯಾರಿಗೆ ನೌಕರಿ ಹುಚ್ಚ ಭಾಳ ಇರತೈತಿ. ಹಂಗೇನಿಲ್ಲಲ್ರಿ?"

ಮೈದುನ ನಕ್ಕು, "ನೌಕರಿ ಮಾಡೂ ಗತಿ ನಮ್ಮ ಹುಡುಗಿಗೆ ಬಂದಿಲ್ರಿ ಅಕ್ಕಾರ" ಅಂದ.

ಮೊಮ್ಮಗಳು ಬಾಗಿಲ ಹಿಂದೆ ನಿಂತು ಕೇಳಿದಳು. ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತ, "ಆಯಿ, ಲಗ್ನ ಬ್ಯಾಡ ಅನ್ನೂದಿಲ್ಲ. ಇದೊಂದ ಕಲ್ತ ಮುಗಸ್ತೇನಿ, ಅಲ್ಲೀತನಕ ತಡೀರಿ ಅಂತ ಹೇಳ" ಅಂದಳು.

"ನಾ ಹೇಳಿದರ ಯಾರ ಕೇಳ್ತಾರ" ಅಂದೆ.

"ನೀ ಅಧ್ಯಕ್ಷಿ."

"ಪಂಚಾಯ್ತ್ಯಾಗ. ಮನ್ಯಾಗ ಅಲ್ಲ."

ಆದರೂ ಹೇಳಿದೆ. ಮೈದುನ ಒಪ್ಪಿದ. ಕೇಂದ್ರ ನಡೆದಿರುವ ತನಕ ನಡೆಯಲಿ, ಅದು ಮುಗಿದ ಮೇಲೆ ಲಗ್ನದ ಮಾತು ಎಂದ. ಹುಡುಗಿ ಅಷ್ಟಕ್ಕೇ ಹಿಗ್ಗಿದಳು. ಅವಳ ಪಾಲಿಗೆ ಉಳಿದ ಗಾಳಿಯೆಲ್ಲ ಆ ಹಳೇ ಸಾಲಿ ಕೋಣೆಯ ಕಿಟಕಿಯಿಂದ ಬರುತ್ತಿತ್ತು.

ಗ್ರಾಮಸಭೆ ಹತ್ತಿರ ಬಂತು. ಒಂದು ಮುಂಜಾನೆ ಪಿಡಿಒ ನನ್ನನ್ನು ಕರೆಸಿದ. ಮೈದುನ ಹತ್ತಿ ಹಾಕಲು ಬೈಲಹೊಂಗಲದ ಪೇಟೆಗೆ ಹೋಗಿದ್ದ, ಹಾಗಾಗಿ ಒಬ್ಬಳೇ ಹೋದೆ. ಗೋಡೆಗೆ ಒಂದು ಫ್ಲೆಕ್ಸ್ ಆನಿಸಿ ಇಟ್ಟಿದ್ದರು. ನೀಲಿ ಬಣ್ಣದ ಕಂಬಗಳು ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಒಂದು ಕೆಂಪು ಗೆರೆ ಹಾದು ಹೋಗಿತ್ತು.

"ಅವ್ವಾರ, ಈ ಸಲ ಇದನ್ನ ಸಭಾದಾಗ ಅಧ್ಯಕ್ಷರ ವಿವರಿಸಬೇಕು ಅಂತ ಮ್ಯಾಲಿಂದ ಬಂದೈತಿ. ನಾ ಕಲಸ್ತೇನಿ, ನೀವು ಹಂಗ ಹೇಳ್ರಿ."

"ನನ್ನ ಮೈದುನ ಹೇಳ್ತಾನ."

"ಅಧ್ಯಕ್ಷರ ಹೇಳಬೇಕ್ರಿ. ಸವದತ್ತಿಯಿಂದ ಸಾಹೇಬ್ರ ಬರ್ತಾರ, ಫೋಟೋ ತಗೀತಾರ."

ಒಂದು ಕೋಲು ಕೊಟ್ಟ. ನೀಲಿ ಕಂಬ ಅಂದರೆ ನಮ್ಮ ಊರಿನ ತರಬೇತಿಗೆ ಸರ್ಕಾರ ವರ್ಷ ವರ್ಷ ಮಾಡಿದ ಖರ್ಚು. ಕೆಂಪು ಗೆರೆ ಅಂದರೆ ಊರಿನಲ್ಲಿ ಕೆಲಸವಿಲ್ಲದವರು. ಎಡಗಡೆ ಹಳೇ ವರ್ಷ, ಬಲಗಡೆ ಹೊಸ ವರ್ಷ. ಗೆರೆ ಮೇಲಿದ್ದರೆ ಕೆಲಸವಿಲ್ಲದವರು ಹೆಚ್ಚು, ಕೆಳಗಿದ್ದರೆ ಕಡಿಮೆ. ಬರಬರುತ್ತ ಕೆಂಪು ಗೆರೆ ಬಾವಿಯ ಮೆಟ್ಟಿಲಿನಂತೆ ಕೆಳಗಿಳಿದಿತ್ತು, ತುದಿಯಲ್ಲಿ ನೆಲಕ್ಕೇ ತಾಗುವಷ್ಟು. ನೀಲಿ ಕಂಬಗಳೂ ಅದರ ಬೆನ್ನಿಗೆ ಸಣ್ಣವಾಗುತ್ತ ಬಂದು, ಕೊನೆಯ ಜಾಗದಲ್ಲಿ ಕಂಬವೇ ಇರಲಿಲ್ಲ.

"ಇಲ್ಲೇನಾತು?" ಎಂದು ಕೋಲು ಆ ಖಾಲಿ ಜಾಗಕ್ಕೆ ಇಟ್ಟೆ.

"ಅದ ಮುಂದಿನ ವರ್ಷರಿ. ಊರಾಗ ಕೆಲಸ ಇಲ್ಲದವರ ಇಲ್ಲ ಅಂದಮ್ಯಾಲ ಕೇಂದ್ರಕ್ಕ ಖರ್ಚಿಲ್ಲ. ಯರಗಟ್ಟಿಗೆ ಹೋಗತೈತಿ. ಅಲ್ಲಿ ಗೆರಿ ಮ್ಯಾಲದ."

"ಹುಡುಗೋರು ಕಲಿಯೂದು ಇನ್ನೂ ನಡಬರಕ ಐತೆಲ್ಲ."

"ಯರಗಟ್ಟಿಗೆ ಹೋಗಿ ಮುಗಸಬಹುದ್ರಿ. ಹೋಗಾಕ ಆಗೋರು."

ಇಂಥ ಗೆರೆಯನ್ನು ನಾನು ಮೊದಲೂ ನೋಡಿದ್ದೆ. ಗಂಡ ದವಾಖಾನೆಯಲ್ಲಿ ಮಲಗಿದ್ದಾಗ ಅವನ ಮಂಚದ ಬುಡಕ್ಕೆ ಜ್ವರದ ಗೆರೆ ಬರೆದ ಕಾಗದ ತೂಗುಹಾಕಿರುತ್ತಿತ್ತು. ಇಳಿದರೆ ಒಳ್ಳೆಯದು ಎಂದು ಆಗ ಕಲಿತದ್ದು. ಆದ್ದರಿಂದ ಇದನ್ನು ನೋಡಿದ ಕೂಡಲೇ ನನಗೆ ಒಳ್ಳೆಯದೇ ಅನ್ನಿಸಿತ್ತು. ಆಮೇಲೆ ನಮ್ಮ ಓಣಿಯನ್ನು ಮನಸ್ಸಿನಲ್ಲೇ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದೆ. ಮಠದ ಕಟ್ಟೆಯ ಮೇಲೆ ಮೊಬೈಲು ಒತ್ತುತ್ತ ಕುಳಿತ ಹುಡುಗರು ಇದ್ದರು. ಬಾಗಿಲ ಹಿಂದೆ ಡಿಗ್ರಿ ಇಟ್ಟುಕೊಂಡ ಹುಡುಗಿಯರು ಇದ್ದರು. ಒಬ್ಬರಿಗೂ ಕೆಲಸ ಸಿಕ್ಕಿದ್ದು ನನಗೆ ನೆನಪಾಗಲಿಲ್ಲ.

"ಸಾಹೇಬ, ಕೆಲಸ ಇಲ್ಲದವರೆಲ್ಲಾ ಎಲ್ಲಿ ಹೋದರ?"

ಪಿಡಿಒ ಬಾಗಿಲ ಕಡೆ ನೋಡಿ ದನಿ ಸಣ್ಣದು ಮಾಡಿದ. "ನನಗೂ ಗೊತ್ತೈತ್ರಿ ಅವ್ವಾರ. ಮನಿಮನಿ ಲೆಕ್ಕಕ್ಕ ಹೋದಾಗ ಕೇಳೂ ಪ್ರಶ್ನೆ ಒಂದ: ಕೆಲಸಾ ಹುಡುಕಾಕ ಹತ್ತೀರೇನು ಅಂತ. ಹುಡುಕಾಕ ಹತ್ತೇನಿ ಅಂದವ ಅಷ್ಟ ಈ ಗೆರ್ಯಾಗ ಬರ್ತಾನ. ಹುಡುಕೂದಿಲ್ಲ, ಮನ್ಯಾಗ ಇರ್ತೇನಿ ಅಂದವರು ಲೆಕ್ಕದಾಗ ಇಲ್ಲ. ಅವರ ನಿರುದ್ಯೋಗಿನೂ ಅಲ್ಲ, ಉದ್ಯೋಗಿನೂ ಅಲ್ಲ."

"ಮತ್ತೇನು?"

"ಏನೂ ಅಲ್ರಿ."

ಆಗ ನನಗೆ ತಿಳಿಯಿತು. ಆ ಲೆಕ್ಕ ಬರೆಯುವ ಹೆಂಗಸು ನಮ್ಮ ಕಟ್ಟೆಗೂ ಬಂದಿದ್ದಳು, ಬೇಸಿಗೆಯಲ್ಲಿ. ನಾನು ಹೊಸ್ತಿಲ ಒಳಗೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಮನೆಯ ಲೆಕ್ಕವನ್ನು ಹೊರಗಿನವರಿಗೆ ಕಟ್ಟೆಯ ಮೇಲೆ ಗಂಡಸರು ಹೇಳುವುದು ನಮ್ಮಲ್ಲಿ ಪದ್ಧತಿ. ಹೆಂಗಸರು ಒಳಗಿನಿಂದ ಕೇಳುತ್ತೇವೆ. ಮೈದುನ ಆರಾಮ ಕುಳಿತು ಹೇಳುತ್ತಿದ್ದ. ಜೊತೆಗೆ ಓಣಿಯ ಇಬ್ಬರು ಮೂವರು ಹಿರಿಯರು ಚಹಾ ಕುಡಿಯುತ್ತಿದ್ದರು.

"ಮನ್ಯಾಗ ಕೆಲಸಾ ಹುಡುಕೋರು ಯಾರರ ಅದಾರೇನ್ರಿ ಯಜಮಾನ್ರ?" ಎಂದು ಆ ಹೆಂಗಸು ಕೇಳಿದಳು.

"ನಮ್ಮ ಮನ್ಯಾಗ ಕೆಲಸಾ ಕೊಡೋರ ಅದಾರವ್ವ. ಹುಡುಕೋರಿಲ್ಲ."

ಎಲ್ಲರೂ ನಕ್ಕರು. ಆ ಮಾತು ಅಂದು ಸಂಜೆಯೊಳಗೆ ಊರೆಲ್ಲ ತಿರುಗಿತು. ಮುಂದಿನ ಮನೆಯವರೂ ಅದನ್ನೇ ಹೇಳಿದರು, ಅದರ ಮುಂದಿನವರೂ. ಅನ್ಯರ ಮುಂದೆ ನನ್ನ ಮಗ ಕೆಲಸ ಹುಡುಕುತ್ತಾನೆ ಅಂದರೆ ಹೊಲ ಸಾಲುವುದಿಲ್ಲ ಎಂದು ಅರ್ಥ, ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಮಗಳು ಹುಡುಕುತ್ತಾಳೆ ಅಂದರೆ ಅದಕ್ಕೂ ಕಡೆ. ಹೊಲವಿಲ್ಲದ ಮನೆಗಳವರಿಗೆ ಹುಡುಕುವ ಪ್ರಶ್ನೆಯೇ ಇಲ್ಲ, ಅವರು ಕರೆದಲ್ಲಿ ಕೂಲಿಗೆ ಹೋಗುತ್ತಾರೆ, ಅವರು ಕೆಲಸದವರ ಲೆಕ್ಕಕ್ಕೆ. ಹೀಗೆ ಇಡೀ ಊರು ತನ್ನ ಮರ್ಯಾದೆ ಕಾಯ್ದುಕೊಂಡಿತು, ಗೆರೆ ನೆಲಕ್ಕೆ ಬಂತು. ಇಂಥ ತಪ್ಪು ನಮ್ಮಂಥವರೇ ಮಾಡಬೇಕು. ಬಡವರು ಮಾಡುವುದಿಲ್ಲ, ನಿಜವಾದ ಶ್ರೀಮಂತರಿಗೆ ಅದು ಬೇಕಿಲ್ಲ.

"ಇದನ್ನ ತಿದ್ದಾಕ ಬರೂದಿಲ್ಲೇನು?" ಎಂದು ಕೇಳಿದೆ.

"ಸಭಾದಾಗ ಮನಿಯವರ ಎದ್ದ ನಿಂತು, ನಮ್ಮ ಮನ್ಯಾಗ ಕೆಲಸಾ ಹುಡುಕೋರದಾರ, ಬರಕೋರಿ ಅಂದರ ತಕರಾರು ಅಂತ ಬರೀಬಹುದ್ರಿ. ಹತ್ತಿಪ್ಪತ್ತ ಮನಿಯವರರ ಹೇಳಬೇಕು. ಹೇಳ್ತಾರಂತೀರಿ?"

ಕೋಲು ಮೂಲೆಗಿಟ್ಟು ಮನೆಗೆ ಬಂದೆ.

ಮೊಮ್ಮಗಳಿಗೆ ಹೇಳಬಾರದೆಂದಿದ್ದೆ. ಅವಳಿಗೆ ಅಷ್ಟರಲ್ಲೇ ಕೇಂದ್ರದ ಮಾಸ್ತರು ಹೇಳಿದ್ದ. ರೊಟ್ಟಿ ಬಡಿಯುತ್ತ ಕುಳಿತಿದ್ದಳು, ನಾನು ಬಂದದ್ದು ಕಂಡು ಬಡಿಯುವುದು ನಿಲ್ಲಿಸಿದಳು.

"ಕೇಂದ್ರ ಮುಚ್ಚಿತು ಅಂದರ ಸಣ್ಣಜ್ಜ ಮರುದಿನಾನ ರಾಮದುರ್ಗಕ್ಕ ಫೋನ್ ಮಾಡ್ತಾನ" ಅಂದಳು.

"ಮಾಡ್ತಾನ."

"ನೀ ಏನ್ ಮಾಡ್ತಿ?"

"ರೊಟ್ಟಿ ಸುಡ್ತು, ಹೊಳ್ಳಸ" ಅಂದೆ.

ಅಂದು ಸಂಜೆ ಮೈದುನ ಪೇಟೆಯಿಂದ ಬಂದ. ಹತ್ತಿಗೆ ದರ ಸಿಕ್ಕಿತ್ತು, ಖುಷಿಯಲ್ಲಿದ್ದ. ಚಾರ್ಟಿನ ಸುದ್ದಿ ಅವನಿಗೆ ಮುಟ್ಟಿತ್ತು. ನಮ್ಮೂರಿನಲ್ಲಿ ಒಬ್ಬ ನಿರುದ್ಯೋಗಿಯೂ ಇಲ್ಲ ಎಂದು ಸವದತ್ತಿಯ ಸಾಹೇಬರ ಮುಂದೆ ಅಧ್ಯಕ್ಷೆ ಹೇಳುವುದು ಮನೆತನಕ್ಕೆ ಹೆಮ್ಮೆ ಎಂದು ಅವನ ಎಣಿಕೆ. ನನಗೆ ಪಾಠ ಮಾಡಿಸಲು ಕುಳಿತ. "ನೋಡ್ರಿ ವೈನಿ, ಮೊದಲ ನೀಲಿ, ಆಮ್ಯಾಲ ಕೆಂಪ. ಕೊನೀಗೆ ಎಲ್ಲಾರಿಗೂ ನಮಸ್ಕಾರ. ನಡಬರಕ ಏನೂ ಹಾಕಬ್ಯಾಡ್ರಿ."

"ತಮ್ಮಾ, ಈ ಲೆಕ್ಕ ಸುಳ್ಳೈತಿ. ನಮ್ಮ ಹುಡುಗಿನ ಕೆಲಸಾ ಹುಡುಕಾಕ ಹತ್ತಾಳ."

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಸಣ್ಣ ಹುಡುಗಿಗೆ ಹೇಳುವಂತೆ ಹೇಳಿದ: "ಹುಡುಕಾಕ ಹತ್ತಾಳ ಅಂತ ನೀವು ಸಭಾದಾಗ ಅಂದರ, ರಾಮದುರ್ಗದವರ ಬೀಗ ಅಲ್ಲೇ ಮುಂದ ಕುಂತಿರ್ತಾನ. ಸಂಜೀಕ ಅವರಿಗೆ ಗೊತ್ತಾಗತೈತಿ. ನಾ ಅವರಿಗೆ ಮಾತ ಕೊಟ್ಟೇನಿ. ಹುಡುಗಿ ಹಾಳ ಆಗಬೇಕೇನು?"

ಅದೂ ಸುಳ್ಳಲ್ಲ. ರಾಮದುರ್ಗದವರಿಗೆ ಬೀಗನಾದವನೊಬ್ಬ ನಮ್ಮೂರಿನಲ್ಲೇ ಇದ್ದಾನೆ, ಸಂಬಂಧ ತಂದವನೇ ಅವನು. ಹೇಳಿದರೆ ಲಗ್ನ ಹೋಗುತ್ತದೆ, ಹೇಳದಿದ್ದರೆ ಕೇಂದ್ರ ಹೋಗುತ್ತದೆ. ಆ ಎರಡರ ನಡುವೆ ನನ್ನನ್ನು ಒಂದು ಕೋಲು ಕೊಟ್ಟು ನಿಲ್ಲಿಸಿದ್ದರು.

ಸಭೆಯ ದಿನ ಪಂಚಾಯಿತಿ ಮುಂದೆ ಶಾಮಿಯಾನ ಹಾಕಿದ್ದರು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಹಿಂದೆ ಜಮಖಾನೆ. ಸವದತ್ತಿಯ ಸಾಹೇಬ ಎರಡು ಸಲ ಗಡಿಯಾರ ನೋಡಿಕೊಂಡ. ಬೀಗ ಮುಂದಿನ ಸಾಲಿನಲ್ಲಿ ಮೈದುನನ ಪಕ್ಕದಲ್ಲೇ ಕುಳಿತಿದ್ದ, ಇಬ್ಬರೂ ಒಂದೇ ಡಬ್ಬಿಯಿಂದ ಎಲೆ ಅಡಿಕೆ ಹಾಕಿಕೊಂಡರು. ಮೊಮ್ಮಗಳು ಜಮಖಾನೆಯ ತುದಿಯಲ್ಲಿ ತಾಯಿಯ ಹಿಂದೆ ಕುಳಿತಿದ್ದಳು.

ನೀಲಿ ಕಂಬಗಳನ್ನು ಹೇಳಿದೆ. ಬರೋಬ್ಬರಿ ಹೇಳಿದೆ, ಪಿಡಿಒ ತಲೆಯಾಡಿಸಿದ. ಕೆಂಪು ಗೆರೆಗೆ ಬಂದೆ. "ಇದು ನಮ್ಮ ಊರಾಗ ಕೆಲಸ ಇಲ್ಲದವರ ಗೆರಿ. ವರ್ಷಾ ವರ್ಷಾ ಕಡಿಮಿ ಆಗೇತಿ. ಈಗ ಯಾರೂ ಇಲ್ಲ ಅಂತ ತೋರಸ್ತೈತಿ." ಮುಂದೆ ನಮಸ್ಕಾರ ಒಂದೇ ಉಳಿದಿತ್ತು.

ಶಾಮಿಯಾನದ ಹಿಂದಿನಿಂದ, ಕಂಬಕ್ಕೆ ಆನಿಕೊಂಡು ನಿಂತಿದ್ದ ಒಬ್ಬ ಹುಡುಗ ಕೂಗಿದ. ಇಂಜಿನಿಯರಿಂಗ್ ಓದಿ ಬಂದು ಅಪ್ಪನ ಟ್ರ್ಯಾಕ್ಟರಿನ ಮೇಲೆ ಕೂಡುವವನು.

"ದೊಡ್ಡವ್ವಾ, ಆ ಗೆರ್ಯಾಗ ನಾ ಎಲ್ಲಿ ಅದೇನಿ ತೋರಸ್ರಿ."

ಜನ ನಕ್ಕರು. ಅವನ ಅಪ್ಪ ಕುರ್ಚಿಯಿಂದಲೇ, "ಸುಮ್ನ ನಿಂದ್ರಲೇ. ನಿನಗ ಹೊಲಾ ಐತಿ" ಅಂದ.

"ಹೊಲಾ ನಿಮಗೈತಿ. ನನಗ ಎಲ್ಲೈತಿ."

ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಅವನು ಚೇಷ್ಟೆಗೆ ಕೇಳಿದರೂ ಕೇಳಿದ್ದು ಸರಿಯಾದ ಪ್ರಶ್ನೆ, ಕೋಲು ನನ್ನ ಕೈಯಲ್ಲಿತ್ತು. "ನೀ ಇದರಾಗ ಇಲ್ಲಪ್ಪ" ಅಂದೆ. "ನಿಮ್ಮಪ್ಪ ನಿನ್ನ ಬರಸಿಲ್ಲ. ಇಲ್ಲಿ ಕುಂತ ಯಾರೂ ಯಾರನ್ನೂ ಬರಸಿಲ್ಲ. ಅದಕ್ಕ ಗೆರಿ ಕೆಳಗ ಬಂದೈತಿ. ಅದಕ್ಕ ಕೇಂದ್ರ ಯರಗಟ್ಟಿಗೆ ಹೊಂಟೈತಿ. ಮನ್ಯಾಗ ಕೆಲಸಾ ಹುಡುಕೋರದಾರ ಅನ್ನೋರು ಈಗ ಕೈ ಎತ್ತರಿ, ಸಾಹೇಬ್ರು ಬರಕೋತಾರ."

ಪಿಡಿಒ ಪೆನ್ನು ತೆಗೆದ. ಒಂದು ಕೈ ಏಳಲಿಲ್ಲ. ಹಿಂದೆ ನಿಂತ ಹುಡುಗನೂ ಅಪ್ಪನ ಮುಖ ನೋಡಿ ಕೈ ಕಟ್ಟಿಕೊಂಡ. ಆಗ ಮೈದುನನಿಗೆ ಮೊದಲಿನಿಂದ ಆಗದ ಒಬ್ಬ ಸದಸ್ಯ ಎದ್ದ. ಅವನಿಗೆ ಹುಡುಗರ ಚಿಂತೆ ಏನೂ ಇರಲಿಲ್ಲ.

"ಅಧ್ಯಕ್ಷರ, ಊರವರನ್ನ ಆಮ್ಯಾಲ ಕೇಳ್ರಿ. ಮೊದಲ ನಿಮ್ಮ ಮನೀದ ಹೇಳ್ರೆಲಾ."

ಎಲ್ಲರೂ ನನ್ನ ಕಡೆ ತಿರುಗಿದರು. ಮೈದುನ ಬಾಯಿಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದ. ಮೊಮ್ಮಗಳ ಕಡೆ ನೋಡಿದೆ. ಸೆರಗು ಇದ್ದಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದಳು, ಡ್ರೆಸ್ಸು ಹಾಕಿದ್ದಳು. ಇಂಥಲ್ಲಿ ಧೈರ್ಯ ಬರುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಬಂದದ್ದು ಬೇಸರ. ನಿಂತು ನಿಂತು ಕಾಲು ನೋಯುತ್ತಿತ್ತು, ಸುಳ್ಳು ಹೇಳಿ ಮುಗಿಸಲೂ ಮತ್ತೊಂದಿಷ್ಟು ನಿಲ್ಲಬೇಕಿತ್ತು.

"ನಮ್ಮ ಮನ್ಯಾಗ ಒಬ್ಬಾಕಿ ಅದಾಳ" ಅಂದೆ. "ನನ್ನ ಮೊಮ್ಮಗಳು. ಡಿಗ್ರಿ ಆಗೇತಿ, ಕೆಲಸಾ ಬೇಕಾಗೇತಿ. ಬರಕೋರಿ."

ಪಿಡಿಒ ಬರೆದುಕೊಂಡ. ಬೀಗ ಎಲೆ ಅಡಿಕೆಯ ಡಬ್ಬಿಯನ್ನು ಮುಚ್ಚಿ ಮೈದುನನ ಕೈಗೆ ಕೊಟ್ಟು ಎದ್ದು ಹೋದ. ನಾನು ಇನ್ನೂ ಕಾದೆ. ನನ್ನ ಹಿಂದೆ ಇನ್ನೊಬ್ಬರು ಎದ್ದಾರು ಅಂದುಕೊಂಡಿದ್ದೆ. ಯಾರೂ ಏಳಲಿಲ್ಲ.

ಸವದತ್ತಿಯ ಸಾಹೇಬ ಒಳ್ಳೆಯ ಮಾತಿನಲ್ಲೇ ಹೇಳಿದ. "ತಾಯಾರ, ನಿಮ್ಮ ಪ್ರಾಮಾಣಿಕತನಕ್ಕ ನಮಸ್ಕಾರ. ಆದರ ಒಂದ ಮನಿ ಹೇಳಿದರ ಗೆರಿ ಹೊಳ್ಳೂದಿಲ್ಲ." ಸಭೆಯ ನಿರ್ಣಯ ಬರೆಯುವ ಠರಾವಿನ ಪುಸ್ತಕ ನನ್ನ ಮುಂದೆ ಬಂತು. ಚಾರ್ಟನ್ನು ಸಭೆ ಒಪ್ಪಿದೆ ಎಂಬುದು ಅದೇ ಹಾಳೆಯಲ್ಲಿತ್ತು. ಕೆಳಗೆ ಹರಿಜನ ಕೇರಿಯ ನೀರಿನ ಪೈಪು, ಬೀದಿ ದೀಪ, ಸಾಲಿಯ ಸಂಡಾಸು. ನಾನು ಸಹಿ ಮಾಡದಿದ್ದರೆ ಎಲ್ಲವೂ ನಿಲ್ಲುತ್ತಿದ್ದವು. ಸಹಿ ಮಾಡಿದೆ. ಸುಳ್ಳು ಎಂದು ಎದ್ದು ಹೇಳಿದವಳೂ ನಾನೇ, ಖರೆ ಎಂದು ಸಹಿ ಹಾಕಿದವಳೂ ನಾನೇ. ಫೋಟೋ ತೆಗೆದರು.

ಮರುದಿನದಿಂದ ನಮ್ಮ ಹಿತ್ತಲ ಬಾಗಿಲಿಗೆ ಹೆಂಗಸರು ಬರತೊಡಗಿದರು. ಒಬ್ಬಳು ಮೊಸರಿಗೆ ಹೆಪ್ಪು ಕೇಳುವ ನೆವ, ಇನ್ನೊಬ್ಬಳು ಕರಿಬೇವಿನ ನೆವ. ಸುತ್ತ ನೋಡಿ, "ಯಕ್ಕಾ, ನನ್ನ ಮಗಳಿಂದೂ ಒಂದ ಬರಸ" ಅನ್ನುವುದು.

"ನಿನ್ನೆ ಎಲ್ಲಿದ್ದೀ?"

"ಅಲ್ಲೇ ಕುಂತಿದ್ನೆಲಾ. ಅವರಪ್ಪ ಮುಂದ ಕುಂತಿದ್ರು, ಹೆಂಗ ಎತ್ಲಿ ಕೈ? ಗುಟ್ಟಲೇ ಬರಸಾಕ ಬರೂದಿಲ್ಲೇನು?"

"ಗುಟ್ಟಲೇ ಬರಸಾಕ ಅದೇನ ಬಸರೇನ" ಅಂದೆ. ಅವಳು ಹೆಪ್ಪನ್ನೂ ಒಯ್ಯದೆ ಹೋದಳು. ಹೀಗೆ ಬಂದವರು ಎಷ್ಟೋ ಜನ. ಅಷ್ಟು ಕೈಗಳು ಸಭೆಯಲ್ಲಿ ಎದ್ದಿದ್ದರೆ ಗೆರೆ ಎಲ್ಲಿಗೋ ಏರುತ್ತಿತ್ತು. ನಾನು ಅವರನ್ನು ಬೈದೆ, ಆದರೆ ಅವರ ಜಾಗದಲ್ಲಿ ಕುಳಿತಿದ್ದರೆ ನಾನೂ ಕೈ ಎತ್ತುತ್ತಿರಲಿಲ್ಲ. ನನ್ನ ಗಂಡ ಬದುಕಿಲ್ಲ, ಅಷ್ಟೇ ವ್ಯತ್ಯಾಸ.

ರಾಮದುರ್ಗದವರು ಒಂದು ವಾರ ಸುಮ್ಮನಿದ್ದು ಆಮೇಲೆ ಹೇಳಿ ಕಳಿಸಿದರು: ಹುಡುಗಿ ಬಹಳ ಕಲಿತವಳು, ನಮ್ಮ ಮನೆಗೆ ಒಗ್ಗುವುದಿಲ್ಲ. ಮೈದುನ ನನ್ನ ಜೊತೆ ಮಾತು ಬಿಟ್ಟ. ಅಲ್ಲಿಂದ ಮುಂದೆ ಪಂಚಾಯಿತಿಗೂ ಬರಲಿಲ್ಲ. ನನ್ನ ಸೊಸೆಯೂ ನನಗೆ ಬಡಿಸುವಾಗ ತಾಟು ಸ್ವಲ್ಪ ಸದ್ದು ಮಾಡಿ ಇಡುತ್ತಿದ್ದಳು. ಅವಳ ಮಗಳು, ಅವಳಿಗೆ ಹೇಳುವ ಹಕ್ಕಿದೆ. ಹಳೇ ಸಾಲಿಯಿಂದ ಕಂಪ್ಯೂಟರುಗಳನ್ನು ಟೆಂಪೋಕ್ಕೆ ಹಾಕಿದ ದಿನ ಮೊಮ್ಮಗಳು ಕಟ್ಟೆಯ ಮೇಲೆ ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಜೋಳದ ಚೀಲದ ಬಾಯಿ ಹೊಲಿಯುತ್ತ ಕುಳಿತಳು. ಹೊಲಿದ ಚೀಲವನ್ನೇ ಬಿಚ್ಚಿ ಮತ್ತೆ ಹೊಲಿದದ್ದನ್ನು ನಾನು ನೋಡಿದೆ.

ಕೆಲವು ದಿನ ಬಿಟ್ಟು ಮನೆಯವರೆಲ್ಲ ಇರುವಾಗ ಯರಗಟ್ಟಿಯ ಮಾತು ತೆಗೆದೆ.

ಮೈದುನ ಗೋಡೆಗೆ ಹೇಳುವಂತೆ ಹೇಳಿದ: "ಒಬ್ಬಾಕಿನ ಬಸ್ಸಿಗೆ ಕಳಸೂ ಪದ್ಧತಿ ಈ ಮನ್ಯಾಗಿಲ್ಲ."

"ಒಬ್ಬಾಕಿ ಯಾಕ. ನಾ ಹೋಗ್ತೇನಿ ಜೋಡಿ."

"ದಿನಾ?"

"ದಿನಾ. ಹೆಂಗಸರಿಗೆ ಟಿಕೀಟ ಇಲ್ಲ, ನಿಮ್ಮ ಕಿಸೇಕ ಕೈ ಹಾಕೂದಿಲ್ಲ."

ಮುದುಕಿ ಜೊತೆಗಿದ್ದರೆ ಪದ್ಧತಿ ಮುರಿದಂತಾಗುವುದಿಲ್ಲ. ಪದ್ಧತಿಗೆ ಬೇಕಾದದ್ದು ಒಂದು ಕಾವಲು ಮಾತ್ರ, ಆ ಕಾವಲು ನಾನಾದೆ.

ಯರಗಟ್ಟಿಯ ಕೇಂದ್ರ ಒಂದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿದೆ. ಕೋಣೆಯ ಹೊರಗೆ ಸಣ್ಣ ಪಡಸಾಲೆ, ಅಲ್ಲಿ ಒಂದು ಕಬ್ಬಿಣದ ಬೆಂಚು. ಮೊಮ್ಮಗಳು ಒಳಗೆ ಹೋಗುತ್ತಾಳೆ, ನಾನು ಬೆಂಚಿಗೆ ಕೂಡುತ್ತೇನೆ. ಕೆಳಗಿನಿಂದ ಗೊಬ್ಬರದ ಘಾಟು ಮೇಲೆ ಬರುತ್ತದೆ. ಮಧ್ಯಾಹ್ನ ಕಟ್ಟಿಕೊಂಡು ಹೋದ ರೊಟ್ಟಿ ತಿನ್ನುತ್ತೇವೆ. ಬಸ್ಸಿನ ಹೊತ್ತಾಗುವವರೆಗೆ ನಾನು ಎಲ್ಲಿಗೂ ಹೋಗುವಂತಿಲ್ಲ, ಹೋದದ್ದು ಊರಿನ ಯಾರ ಕಣ್ಣಿಗಾದರೂ ಬಿದ್ದರೆ ಕಾವಲು ತಪ್ಪಿತು ಎಂದು ಸುದ್ದಿ. ಅಧ್ಯಕ್ಷೆಯ ಕುರ್ಚಿಯಲ್ಲಿ ಕುಳಿತಾಗಲೂ ಏಳುವ ಹಾಗಿರಲಿಲ್ಲ, ಆದರೆ ಅದಕ್ಕೆ ಮೆತ್ತೆ ಇತ್ತು. ಸಹಿ ಬೇಕಾದವರು ಈಗ ಬಸ್ಸು ಹತ್ತಿ ಯರಗಟ್ಟಿಗೆ ಬರುತ್ತಾರೆ. ಬೈದುಕೊಂಡೇ ಬರುತ್ತಾರೆ.

ಮೈದುನನೂ ಒಂದು ದಿನ ಬಂದ. ಹೊಲದ ದಾರಿಯ ಕಾಗದಕ್ಕೆ ನನ್ನ ಸಹಿ ಬೇಕಿತ್ತು, ಮನೆಯಲ್ಲಿ ಎಲ್ಲರ ಮುಂದೆ ಕೇಳಲು ಅವನಿಗೆ ಮನಸ್ಸಾಗಿರಲಿಲ್ಲ. ಮಾತು ಬಿಟ್ಟವನು ಹೇಗೆ ಕೇಳಬೇಕು ಎಂದು ತಿಳಿಯದೆ ಸ್ವಲ್ಪ ಹೊತ್ತು ಮೆಟ್ಟಿಲ ಹತ್ತಿರ ನಿಂತ. ಆಮೇಲೆ ಬೆಂಚಿನ ಆ ತುದಿಗೆ ಕುಳಿತು ಕಾಗದ ನಮ್ಮಿಬ್ಬರ ನಡುವೆ ಇಟ್ಟ. ನಾನು ಕೂಡಿಸಿ ಓದಿದೆ, ಒತ್ತಕ್ಷರಗಳಲ್ಲಿ ನಿಂತು ಪೂರ್ತಿ ಓದಿದೆ. ಅವನು ಕಾದ. ಮೊದಲಾಗಿದ್ದರೆ ಕಾಯುತ್ತಿರಲಿಲ್ಲ.

ಒಳಗೆ ಮಾಸ್ತರು ಏನೋ ಕೇಳಿದ, ಮೊಮ್ಮಗಳು ಉತ್ತರ ಹೇಳಿದ್ದು ಕೇಳಿಸಿತು. ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಅವಳು ಮಾತಾಡುವುದಿಲ್ಲ. ಮೈದುನ ಬಾಗಿಲ ಕಡೆ ನೋಡಿದ.

"ಇನ್ನಾ ಎಷ್ಟ ದಿನ ಕುಂಡ್ರಾವರು ಹಿಂಗ?"

"ಮುಗಿಯೂ ತನಕ."

"ಮುಗದ ಮ್ಯಾಲ? ನೌಕರಿ ಸಿಗಲಿಲ್ಲಂದರ?"

ಈ ಹುಡುಗಿ ಸರ್ಟಿಫಿಕೇಟು ತೆಗೆದುಕೊಂಡು ಮತ್ತದೇ ಬಾಗಿಲ ಹಿಂದೆ ಬಂದು ನಿಲ್ಲಬಹುದು. ಆಗ ನಾನು ಅಧ್ಯಕ್ಷೆಯೂ ಆಗಿರುವುದಿಲ್ಲ.

"ಸಿಗಲಿಲ್ಲಂದರ, ಲೆಕ್ಕದವರು ನಮ್ಮ ಕಟ್ಟೀಗೆ ಬಂದಾಗ ಸಿಕ್ಕಿಲ್ಲ ಅಂತ ಬರಸು" ಅಂದೆ. "ಅಷ್ಟ ಮಾಡು."

ನಾನು ಸಹಿ ಮಾಡಿದೆ. ಅವನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಆದರೆ ಕೂಡಲೇ ಏಳಲಿಲ್ಲ. ಬಿಸಿಲು ಇಳಿಯುವವರೆಗೆ ಬೆಂಚಿನ ಆ ತುದಿಯಲ್ಲೇ ಕುಳಿತಿದ್ದ. ಕಾವಲಿಗೆ ಅವನಿದ್ದ, ನಾನು ಎದ್ದು ಕೆಳಗಿಳಿದು, ರಸ್ತೆ ದಾಟಿ, ಚಹಾದ ಅಂಗಡಿಯ ಮುಂದೆ ನಿಂತು ಒಂದು ಚಹಾ ಕುಡಿದು ಬಂದೆ. ಬಂದು ಕುಳಿತ ಮೇಲೆ ಅವನು ಎದ್ದು ಹೋದ.